ಬೇರೆ ನಂಬರಿನ ಸಿಲಿಂಡರ್

ನನಗೆ ಮೊದಲು ಅನುಮಾನ ಬಂದದ್ದು ಆ ಟೀಚರ ಮೇಲೆಯೇ.

ಕೋವಿ ರಿಪೇರಿಯ ಅಂಗಡಿಗೆ ಹೆಂಗಸರು ಬರುವುದು ಕಡಿಮೆ. ಬಂದರೂ ಗಂಡನ ಜತೆ ಬಂದು ಬಾಗಿಲ ಹೊರಗೆ ನಿಲ್ಲುತ್ತಾರೆ. ಈಕೆ ಕಾರ್ಕಳದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಬ್ಬರೇ ಬಂದು, ಮೆಟ್ಟಿಲು ಹತ್ತಿ, ಕುರ್ಚಿ ಎಳೆದುಕೊಂಡು ಕುಳಿತು, ಬಟ್ಟೆಯ ಚೀಲದಿಂದ ಒಂದು ಬಿಸ್ಕೆಟ್ ಡಬ್ಬ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಕೆಂಪು ಪಟ್ಟೆ ಬಟ್ಟೆ. ಅದರೊಳಗೆ ರಿವಾಲ್ವರ್. ಉಡುಪಿಯ ಹಳೆ ಬಸ್ ನಿಲ್ದಾಣದಿಂದ ಎರಡು ತಿರುವು ದಾಟಿದರೆ ಸಿಗುವ ನನ್ನ ಅಂಗಡಿಯವರೆಗೆ ಈ ವಸ್ತು ಹಿರಿಯಡ್ಕದ ಬಾಳೆಗೊನೆ, ಕಾಲೇಜು ಮಕ್ಕಳ ಚೀಲಗಳ ನಡುವೆ ಕುಳಿತು ಬಂದಿತ್ತು.

“ಲೈಸೆನ್ಸ್ ಉಂಟಾ?” ಎಂದೆ. ನಾನು ನಮಸ್ಕಾರಕ್ಕಿಂತ ಮೊದಲು ಕೇಳುವುದು ಇದನ್ನೇ.

ಇತ್ತು. ಹೋದ ವರ್ಷ ತೀರಿಕೊಂಡ ಅವರ ಸೋದರಮಾವನ ಹೆಸರಿನಲ್ಲಿತ್ತು. ಅವರ ಮನೆತನದ ಕಟ್ಟಿನಂತೆ ಮಾವನದ್ದು ಸೋದರಿಯ ಮಕ್ಕಳಿಗೆ. ಹಾಗಾಗಿ ಇದು ಟೀಚರ ಪಾಲಿಗೆ ಬಂದಿತ್ತು. ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ಹಾಕಿದ್ದರು. ಜಿಲ್ಲೆ ಬೇರೆಯಾದಾಗ ಮಂಗಳೂರಿನಿಂದ ಬಂದ ಹಳೆಯ ಫೈಲು ಹುಡುಕಿ ತೆಗೆದ ಕಚೇರಿಯವರು, ಇದು ಯಾವ ದೇಶದ್ದು, ನಂಬರ್ ಎಷ್ಟು, ಸ್ಥಿತಿ ಹೇಗಿದೆ ಎಂದು ಪರವಾನಗಿ ಇರುವ ರಿಪೇರಿಯವರಿಂದ ಪರಿಶೀಲನಾ ಪತ್ರ ತರಲು ಹೇಳಿದ್ದರು. ತರದಿದ್ದರೆ ಠಾಣೆಗೆ ಒಪ್ಪಿಸಬೇಕು.

ಅಲ್ಲಿಯವರೆಗೆ ಎಲ್ಲ ಸರಿ. ಅನುಮಾನ ಬಂದದ್ದು ಅವರ ಮುಂದಿನ ಮಾತಿಗೆ.

“ಇದು ತಿರುಗುವುದಿಲ್ಲ. ಸರಿ ಮಾಡಿ ಕೊಡಬೇಕು. ಮತ್ತೆ, ಇದರಲ್ಲಿರುವ ಎಲ್ಲ ತುಂಡುಗಳೂ ಇದರದ್ದೇ, ಬೇರೆ ಯಾವುದರದ್ದೂ ಅಲ್ಲ ಅಂತ ಪತ್ರದಲ್ಲಿ ಬರೆದು ಕೊಡಬೇಕು.”

“ಅದನ್ನು ಕಚೇರಿಯವರು ಕೇಳಿದ್ದಾರಾ?”

“ಇಲ್ಲ. ನಾನು ಕೇಳ್ತಾ ಇದ್ದೇನೆ.”

ಇಪ್ಪತ್ತು ವರ್ಷಗಳಲ್ಲಿ ಯಾರೂ ಕೇಳದ ಮಾತು ಇದು! ಎಲ್ಲ ತುಂಡೂ ಇದರದ್ದೇ ಎಂದು ಯಾರಿಗೆ ಬೇಕಾಗುತ್ತದೆ? ಯಾವುದೋ ತುಂಡು ಬೇರೆಯದು ಎಂದು ಗೊತ್ತಿರುವವರಿಗೆ. ಮಾರುವವರಿಗೆ. ಕೋರ್ಟಿಗೆ ಹೋಗುವವರಿಗೆ. ಕಳ್ಳ ಮಾಲಿಗೆ ಒಳ್ಳೆಯ ಕಾಗದ ಮಾಡಿಸಿಕೊಳ್ಳುವವರು ಹೀಗೆಯೇ ಸಭ್ಯರಾಗಿ ಮಾತನಾಡುತ್ತಾರೆ. ನನ್ನ ಒಂದು ಸಹಿ ತಪ್ಪಾದರೆ ಅಂಗಡಿಯ ಪರವಾನಗಿ ಹೋಗುತ್ತದೆ. ಅದು ನನ್ನದಷ್ಟೇ ಅಲ್ಲ, ನನ್ನ ತಂದೆ ಮೂವತ್ತು ವರ್ಷ ಒಂದು ಕಪ್ಪು ಚುಕ್ಕೆ ಬೀಳದಂತೆ ನೋಡಿಕೊಂಡದ್ದು. ನನ್ನ ಹೆಂಡತಿ ಹೇಳುವುದುಂಟು, “ನಿಮಗೆ ಹಾಲಿನವನ ಮೇಲೆ ಅನುಮಾನ, ಹಾಲಿನ ಮೇಲೆ ಅನುಮಾನ, ಕಡೆಗೆ ದನದ ಮೇಲೂ ಅನುಮಾನ.” ಇರಲಿ ಬಿಡಿ. ಈ ಕಸುಬಿನಲ್ಲಿ ನಂಬಿ ಕೆಟ್ಟವರನ್ನು ನಾನು ಕಂಡಿದ್ದೇನೆ.

“ನೋಡಿ ಬರೆಯುತ್ತೇನೆ. ನೋಡದೆ ಬರೆಯುವುದಿಲ್ಲ,” ಎಂದೆ.

“ನನಗೂ ಅದೇ ಬೇಕು,” ಎಂದು ಅವರು ರಸೀದಿ ತೆಗೆದುಕೊಂಡು, ಎರಡು ಸಲ ಓದಿ, ಹೋದರು.

ರಿವಾಲ್ವರನ್ನು ದೀಪದ ಕೆಳಗೆ ಹಿಡಿದೆ. ಗಿಡ್ಡ ನಳಿಗೆ, ಐದು ಗುಂಡಿನ ಸಿಲಿಂಡರ್, ಬದಿಯಲ್ಲಿ ಗುಂಡು ತುಂಬುವ ಸಣ್ಣ ಬಾಗಿಲು. ನಡುವಿನ ಕಡ್ಡಿಯನ್ನು ಮುಂದಕ್ಕೆ ಎಳೆದರೆ ಸಿಲಿಂಡರ್ ಕೈಗೆ ಬೀಳಬೇಕು. ಬೀಳಲಿಲ್ಲ. ಏಕೆ ಬಿದ್ದೀತು? ನಮ್ಮ ಊರಿನವರಿಗೆ ಎಣ್ಣೆ ಎಂದರೆ ತೆಂಗಿನೆಣ್ಣೆ. ತಲೆಗೂ ಅದೇ, ಬಾಗಿಲ ಕೀಲಿಗೂ ಅದೇ, ಕೋವಿಗೂ ಅದೇ. ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ತೆಂಗಿನೆಣ್ಣೆ ವರ್ಷಗಟ್ಟಲೆ ಕುಳಿತರೆ ಹಲಸಿನ ಮೇಣದಂತೆ ಹಿಡಿಯುತ್ತದೆ. ಅದರ ಮೇಲೆ ಪ್ರತಿ ಆಯುಧಪೂಜೆಗೆ ಗಂಧ, ಕುಂಕುಮ. ಈ ರಿವಾಲ್ವರಿನ ಪ್ರತಿಯೊಂದು ಸಂದಿಯಲ್ಲೂ ನವರಾತ್ರಿಗಳು ಪದರ ಪದರವಾಗಿ ಕುಳಿತಿದ್ದವು.

ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಫ್ರೇಮಿನ ಕೆಳಗೆ ೨೭೧೬ ಎಂಬ ನಂಬರ್ ಸ್ಪಷ್ಟವಾಗಿತ್ತು. ಲೈಸೆನ್ಸಿನಲ್ಲೂ ಅದೇ. ಸಿಲಿಂಡರಿನ ಮೇಲೆ ಏನೋ ಗೀರುಗಳು ಇದ್ದವು, ಸವೆದು ಓದಲಾಗುತ್ತಿರಲಿಲ್ಲ. ಹಿಡಿಯ ಎಡಗಡೆಯ ಮರದ ತಟ್ಟೆ ಬಿಚ್ಚಿತು. ಬಲಗಡೆಯದು ಅಂಟಿನಲ್ಲಿ ಹಿಡಿದು ಕೂತಿತ್ತು, ಅಡ್ಡಕ್ಕೆ ಒಂದು ಬಿರುಕೂ ಇತ್ತು. ಎಬ್ಬಿಸಲು ಹೋದರೆ ಎರಡು ತುಂಡಾಗುತ್ತದೆ ಎಂದು ಹಾಗೆಯೇ ಬಿಟ್ಟೆ. ಎಡಗಡೆಯಿಂದ ಒಳಗೆ ನೋಡಿದಾಗ ರೋಗ ತಿಳಿಯಿತು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಸಿಲಿಂಡರನ್ನು ಗುಂಡು ಕೂರುವ ಒಂದೊಂದೇ ಮನೆಯಷ್ಟು ತಿರುಗಿಸುವ ಒಂದು ಸಣ್ಣ ಉಕ್ಕಿನ ತುಂಡಿರುತ್ತದೆ. ನನ್ನ ತಂದೆ ಅದನ್ನು ‘ಬೆರಳು’ ಎನ್ನುತ್ತಿದ್ದರು. ಆ ಬೆರಳಿನ ತುದಿ ಮುರಿದಿತ್ತು.

ಲೈಸೆನ್ಸಿನಲ್ಲಿ ‘ಇಂಗ್ಲಿಷ್’ ಎಂದು ಬರೆದಿತ್ತು. ನಾನೂ ನಂಬಿದೆ. ಅನುಮಾನದ ಮನುಷ್ಯ ಸರ್ಕಾರಿ ಮುದ್ರೆ ಕಂಡರೆ ಮೆತ್ತಗಾಗುತ್ತಾನೆ, ಅದು ನನ್ನ ದೌರ್ಬಲ್ಯ. ದೊಡ್ಡ ಊರಿನ ಹಳೆಯ ವ್ಯಾಪಾರಿಯೊಬ್ಬರಿಗೆ ಅಳತೆ ಬರೆದು ಕಳಿಸಿ ಇಂಗ್ಲಿಷ್ ಮಾದರಿಯ ಬೆರಳು ತರಿಸಿದೆ. ಹತ್ತು ದಿನಕ್ಕೆ ಬಂತು. ಕೂರಲಿಲ್ಲ. ದಪ್ಪ ಹೆಚ್ಚು, ತೂತು ಅರ್ಧ ಕೂದಲು ಆಚೆ. ಎಸ್‌ಟಿಡಿ ಬೂತಿಗೆ ಹೋಗಿ ವ್ಯಾಪಾರಿಯನ್ನು ತರಾಟೆಗೆ ತೆಗೆದುಕೊಂಡೆ.

“ಗುಜರಿ ಕಳಿಸಿದ್ದೀರಿ ನೀವು!”

“ಸ್ವಾಮಿ, ನಾನು ಕಳಿಸಿದ್ದು ಸರಿಯಾಗಿಯೇ ಇದೆ. ನಿಮ್ಮ ರಿವಾಲ್ವರ್ ಇಂಗ್ಲಿಷ್ ಹೌದೋ ಅಲ್ಲವೋ ನೋಡಿ,” ಎಂದು ಆತ ಫೋನಿಟ್ಟ.

ಸಿಟ್ಟು ಬಂತು. ಆದರೆ ಮಾತು ತಲೆಯಲ್ಲಿ ಉಳಿಯಿತು. ಸಿಲಿಂಡರಿನ ಮೇಲಿನ ಗೀರುಗಳನ್ನು ಭೂತಗನ್ನಡಿಯಲ್ಲಿ ಎಷ್ಟು ನೋಡಿದರೂ ಬೆಳಕು ಹೊಳೆದು ಕಣ್ಣು ಕುಕ್ಕುತ್ತಿತ್ತು. ಆಗ ನೆನಪಾದವನು ಮಣಿಪಾಲದಲ್ಲಿ ಕಟ್ಟಿಸುವ ಹಲ್ಲು ಮಾಡುವ ಒಬ್ಬ ಕುಶಲಕರ್ಮಿ. ಹುಬ್ಬಳ್ಳಿ ಕಡೆಯವನು. ಹಿಂದೊಮ್ಮೆ ಅವನ ಸಣ್ಣ ಲೇತನ್ನು ನಾನು ಸರಿಮಾಡಿ ಕೊಟ್ಟಿದ್ದೆ. ರಿವಾಲ್ವರನ್ನು ಹೊತ್ತುಕೊಂಡು ಊರೆಲ್ಲ ತಿರುಗುವ ಹಾಗಿಲ್ಲ, ಅವನನ್ನೇ ಅಂಗಡಿಗೆ ಕರೆಸಿದೆ. ಬಾಯಿಯ ಅಚ್ಚು ತೆಗೆಯುವ ಗುಲಾಬಿ ಪೇಸ್ಟ್ ತಂದ.

“ಏನ್ರೀ ಸರ, ಇದಕ್ಕೂ ಹಲ್ಲು ಕಟ್ಟಸ್ತೀರೇನು?” ಎಂದು ನಗುತ್ತ ಪೇಸ್ಟ್ ಕಲಸಿ ಗೀರುಗಳ ಮೇಲೆ ಒತ್ತಿದ. “ಅಲುಗಾಡಸಬ್ಯಾಡ್ರಿ. ಮೂರು ನಿಮಿಷ ಸುಮ್ಮ ಕುಂಡ್ರಿ.”

ಅಚ್ಚು ಎತ್ತಿದಾಗ, ಲೋಹದಲ್ಲಿ ಕುಳಿಯಾಗಿದ್ದದ್ದು ಪೇಸ್ಟಿನಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗಿ, ಉಬ್ಬಿ ಬಂದಿತ್ತು. ಹೊಳಪಿಲ್ಲದ ಗುಲಾಬಿ ಮೈ ಮೇಲೆ ಟಾರ್ಚನ್ನು ಓರೆಯಾಗಿ ಹಿಡಿದೆವು. ಮೊಟ್ಟೆಯಾಕಾರದ ಗೆರೆ, ಅದರೊಳಗೆ ಇ, ಎಲ್, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರ, ಕೆಳಗೆ ನಕ್ಷತ್ರ. ಇಂಗ್ಲೆಂಡಿನದ್ದಲ್ಲವೇ ಅಲ್ಲ. ಬೆಲ್ಜಿಯಂನ ಲೀಜ್ ಪಟ್ಟಣದ ಪರೀಕ್ಷಾ ಮುದ್ರೆ! ಇಂಗ್ಲಿಷ್ ರಿವಾಲ್ವರುಗಳನ್ನು ನೋಡಿಕೊಂಡು ಅಲ್ಲಿನ ಸಣ್ಣ ಸಣ್ಣ ಕಾರ್ಖಾನೆಗಳಲ್ಲಿ ಕೈಯಿಂದ ಅರ ಹಾಕಿ ಮಾಡುತ್ತಿದ್ದ ನಕಲು. ಅರವತ್ತು ವರ್ಷ ಸರ್ಕಾರಿ ಕಾಗದದಲ್ಲಿ ತಪ್ಪು ದೇಶ ಇತ್ತು.

ತಂದೆಯ ಹಳೆಯ ಡ್ರಾಯರಿನಲ್ಲಿ ಬೆಲ್ಜಿಯಂನದ್ದೇ ಒಂದು ಮುರುಕು ರಿವಾಲ್ವರಿನಿಂದ ಬಿಚ್ಚಿಟ್ಟ ತುಂಡುಗಳ ಪೊಟ್ಟಣ ಇತ್ತು. ಅದರಲ್ಲಿ ಒಂದು ಬೆರಳು ಸಿಕ್ಕಿತು. ಅರ ಹಾಕುತ್ತ, ಮಸಿ ಹಚ್ಚುತ್ತ, ಕೂರಿಸಿ ನೋಡುತ್ತ, ಮತ್ತೆ ತೆಗೆಯುತ್ತ ಮೂರು ದಿನ ಕಳೆದೆ. ನಾಲ್ಕನೆಯ ದಿನ ಸಿಲಿಂಡರ್ ತಿರುಗಿತು. ಹಬ್ಬದಷ್ಟು ಸಂತೋಷವಾಯಿತು. ಆದರೆ ಐದು ಮನೆಗಳಲ್ಲಿ ಎರಡು ನಳಿಗೆಯ ನೇರಕ್ಕೆ ಬಂದು ನಿಲ್ಲುತ್ತಿರಲಿಲ್ಲ, ಒಂದು ಎಳೆ ಆಚೆ ನಿಲ್ಲುತ್ತಿದ್ದವು. ಬೆರಳು ಸರಿ, ಸ್ಪ್ರಿಂಗ್ ಸರಿ. ಹಾಗಾದರೆ ತಪ್ಪು ಸಿಲಿಂಡರಿನದ್ದೇ. ಕೈಯಿಂದ ಮಾಡಿದ ರಿವಾಲ್ವರಿನಲ್ಲಿ ಒಂದರ ಸಿಲಿಂಡರ್ ಇನ್ನೊಂದಕ್ಕೆ ನುಗ್ಗಬಹುದು, ಒಗ್ಗುವುದಿಲ್ಲ. ಒತ್ತಾಯ ಮಾಡಿದರೆ ಮುರಿಯುವುದು ಬೆರಳು.

ಗುಲಾಬಿ ಅಚ್ಚನ್ನು ಮತ್ತೆ ಹೊರತೆಗೆದೆ. ಮುದ್ರೆಯ ಪಕ್ಕದಲ್ಲಿ ಮಸುಕಾಗಿ ನಾಲ್ಕು ಅಂಕಿ ಇದ್ದವು. ಬೆಳಕನ್ನು ತಿರುಗಿಸಿ ತಿರುಗಿಸಿ ಓದಿದೆ. ೨೭೧೯.

ಟೀಚರನ್ನು ಕರೆಸಿದೆ. ಅಚ್ಚನ್ನು ಮುಂದಿಟ್ಟು, “ಈ ಸಿಲಿಂಡರ್ ಇದರದ್ದಲ್ಲ. ಇದು ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ?” ಎಂದೆ. ಪೊಲೀಸರ ಧ್ವನಿಯಲ್ಲೇ ಕೇಳಿದೆ ಎಂದು ಈಗ ಅನ್ನಿಸುತ್ತದೆ.

ಅವರು ಅಚ್ಚನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹೇಳಿದ ವಿಷಯ ಇಷ್ಟು.

ಅವರ ಸೋದರಮಾವಂದಿರು ಇಬ್ಬರು. ಒಂದೇ ದಿನ, ಒಂದೇ ಅಂಗಡಿಯಲ್ಲಿ ಒಂದೇ ಥರದ ಎರಡು ರಿವಾಲ್ವರ್ ಕೊಂಡಿದ್ದರು. ದೊಡ್ಡ ಮಾವ ಕಾಪುವಿನ ಮೂಲಮನೆಯಲ್ಲಿ, ಟೀಚರ ದೊಡ್ಡಮ್ಮನ ಜತೆ. ಚಿಕ್ಕ ಮಾವ ಕಾರ್ಕಳದಲ್ಲಿ, ಟೀಚರ ತಾಯಿಯ ಜತೆ. ಆಯುಧಪೂಜೆಗೆ ಎರಡೂ ಕಾಪುವಿನ ಮನೆಯಲ್ಲಿ ಒಂದೇ ಮಣೆಯ ಮೇಲೆ ಕೂರಬೇಕು. ದಶಮಿಯ ಬೆಳಿಗ್ಗೆ ಹಿರಿಯ ಮಾವ ಅಂಗಳಕ್ಕಿಳಿದು ಆಕಾಶಕ್ಕೆ ಒಂದು ಗುಂಡು ಹಾರಿಸಬೇಕು. ಅದು ಆ ಮನೆಯ ಕಟ್ಟಳೆ. ಇಪ್ಪತ್ತೊಂದು ವರ್ಷಗಳ ಹಿಂದಿನ ಆ ದಶಮಿಯಂದು ಊರವರೆಲ್ಲ ನೋಡುತ್ತಿದ್ದಂತೆ ಹಿರಿಯ ಮಾವ ಕುದುರೆ ಎಳೆದರು. ಹಾರಲಿಲ್ಲ. ಸಿಲಿಂಡರ್ ಕಚ್ಚಿ ನಿಂತಿತು. ಕೈ ಇಳಿಸಿ ಒಳಗೆ ಹೋದ ಮುದುಕರು ದೀಪಾವಳಿಗೆ ಮೊದಲೇ ತೀರಿಕೊಂಡರು.

“ಪೂಜೆಯ ಹಿಂದಿನ ದಿನ ಎರಡೂ ರಿವಾಲ್ವರ್ ಇಟ್ಟ ಪೆಟ್ಟಿಗೆಯ ಬೀಗದ ಕೈ ಅಮ್ಮನ ಸೆರಗಿನಲ್ಲಿ ಇತ್ತು,” ಎಂದರು ಟೀಚರ್. “ಮಾವನ ಬೊಜ್ಜದ ದಿನ, ಉತ್ತರಕ್ರಿಯೆಗೆ ಬಂದ ಅಷ್ಟೂ ಜನರ ಎದುರು ದೊಡ್ಡಮ್ಮನ ಮಗ ಎದ್ದು ನಿಂತು ಹೇಳಿದ. ಚಿಕ್ಕಮ್ಮ ಒಳ್ಳೆಯದರ ತುಂಡು ಕದ್ದು ತನ್ನ ಮನೆಯದ್ದಕ್ಕೆ ಹಾಕಿಸಿಕೊಂಡಿದ್ದಾಳೆ, ಅದರಿಂದಲೇ ಮಾವನ ಎದೆ ಒಡೆದದ್ದು ಅಂತ. ಅಮ್ಮ ಎಲೆ ಬಿಟ್ಟು ಎದ್ದಳು. ಮತ್ತೆ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡದೆಯೇ ತೀರಿಹೋದರು. ಇದರ ತುಂಡು ಇದರದ್ದೇ ಅಂತ ಒಂದು ಕಾಗದ ಸಿಕ್ಕಿದರೆ ಅವನ ಎದುರು ಹಿಡಿಯಬೇಕು ಅಂತ ಇದ್ದೆ. ಈಗ ನೀವು ಹೀಗೆ ಹೇಳ್ತೀರಿ.”

ನಾನು ಆಗ ಆಡಿದ ಮಾತನ್ನು ಇಲ್ಲಿ ಬರೆಯದೆ ದಾಟಿಸಬಹುದಿತ್ತು. ಬರೆಯುತ್ತೇನೆ. “ಹಾಗಾದರೆ ನಿಮ್ಮ ತಾಯಿಯೇ ಮಾಡಿದ್ದಿರಬೇಕು ಟೀಚರ್,” ಎಂದೆ.

ಅವರು ಅಳಲಿಲ್ಲ. ಚೀಲದ ಹಿಡಿಯನ್ನು ಮಡಚಿದರು, ಬಿಡಿಸಿದರು. “ಅಮ್ಮನಿಗೆ ಸ್ಕ್ರೂಡ್ರೈವರ್ ಹಿಡಿಯಲಿಕ್ಕೆ ಬರುತ್ತಿರಲಿಲ್ಲ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದರು. ಈ ರಿವಾಲ್ವರಿನ ಸಿಲಿಂಡರ್ ತೆಗೆಯಲು ಸ್ಕ್ರೂಡ್ರೈವರ್ ಬೇಡ, ಒಂದು ಕಡ್ಡಿ ಎಳೆದರೆ ಸಾಕು. ಅದನ್ನು ಹೇಳಲಿಲ್ಲವಲ್ಲ ಎಂದು ನಾನು ಆ ದಿನ ನನ್ನನ್ನೇ ಒಳ್ಳೆಯವನೆಂದುಕೊಂಡೆ.

ಮರುದಿನವೇ ಕಾಪುವಿಗೆ ಹೋದೆ. ೨೭೧೯ರ ಫ್ರೇಮ್ ಆ ಮನೆಯಲ್ಲಿದ್ದರೆ ನನಗೆ ಬೇಕಾದ ಸಿಲಿಂಡರೂ ಅಲ್ಲೇ ಇರಬೇಕು. ದೊಡ್ಡಮ್ಮನ ಮಗ ಜಗಲಿಯ ಕುರ್ಚಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದ. ಐವತ್ತರ ಆಸುಪಾಸು, ದೊಡ್ಡ ಧ್ವನಿ. ಯಾರು, ಎಲ್ಲಿಂದ ಎಂದು ಹೇಳುತ್ತಲೇ ಕತ್ತರಿ ನಿಂತಿತು.

“ಅವಳು ಕಳಿಸಿದ್ದಾ?”

“ಇಲ್ಲ. ನಾನೇ ಬಂದೆ. ನಿಮ್ಮ ರಿವಾಲ್ವರನ್ನು ಒಮ್ಮೆ ನೋಡಬೇಕಿತ್ತು.”

“ನೋಡಲಿಕ್ಕೆ ಎಂತ ಉಂಟು? ಅದು ಠಾಣೆಯಲ್ಲಿ ಉಂಟು. ಚುನಾವಣೆ ಅಲ್ವಾ, ಎಲ್ಲರೂ ಕೊಂಡುಹೋಗಿ ಇಟ್ಟಿದ್ದೇವೆ. ವೋಟು ಎಣಿಸಿದ ಮೇಲೆ ಕೊಡುತ್ತಾರೆ.”

ಚುನಾವಣೆ ಬಂದರೆ ಲೈಸೆನ್ಸಿನ ಕೋವಿಗಳೆಲ್ಲ ಠಾಣೆಗೆ ಹೋಗಬೇಕು, ಅದು ನಿಯಮ. ಆದರೂ ಅವನ ಲೈಸೆನ್ಸಿನ ಜೆರಾಕ್ಸ್ ಕೇಳಿದೆ. ಕೈಗೆ ಕೊಡಲಿಲ್ಲ, ದೂರದಿಂದ ತೋರಿಸಿದ. ೨೭೧೯. ನಾನು ತಡೆಯಲಾರದೆ ಅಚ್ಚಿನ ಸಂಗತಿ ಹೇಳಿಬಿಟ್ಟೆ.

“ಹ್ಞಾ! ನಾನು ಅಂದೇ ಹೇಳಿರಲಿಲ್ಲವಾ?” ಎಂದು ಅವನು ಎದ್ದು ನಿಂತ. ಗೆದ್ದವನ ಖುಷಿ ಮುಖದಲ್ಲಿ ಬಂತು, ಹೋಯಿತು. ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಅಲ್ಲ ಮಾರಾಯ್ರೆ, ಒಂದು ಮಾತು. ಆ ವರ್ಷ ಪೂಜೆಗೆ ಮೊದಲು ಎರಡೂ ತೊಳೆಸಲಿಕ್ಕೆ ಹೋದದ್ದು ನಿಮ್ಮ ಅಪ್ಪನ ಅಂಗಡಿಗೆ. ಚಿಕ್ಕಮ್ಮನಿಗೆ ಇದೆಲ್ಲ ಹೇಗೆ ಬರುತ್ತದೆ? ನಿಮ್ಮ ಅಪ್ಪನೂ ಅವಳ ಜತೆ ಸೇರಿದ್ದರಾ ಎಂತ?”

ಬಾಯಿಗೆ ಬಂದದ್ದನ್ನು ಅಂದೆ. ಅವನೂ ಅಂದ. ಅವನ ಹೆಂಡತಿ ತಂದಿಟ್ಟ ನೀರು ಬೆಲ್ಲ ಹಾಗೆಯೇ ಉಳಿಯಿತು. ಬಸ್ಸಿನಲ್ಲಿ ಉಡುಪಿಯವರೆಗೂ ನಾನು ಒಳಗೊಳಗೆ ಕುದಿಯುತ್ತಿದ್ದೆ. ನನ್ನ ತಂದೆಯ ಹೆಸರಿಗೆ ಮಸಿ ಬಳಿಯುತ್ತಾನೆ! ಇವನ ಬಾಯಿ ಮುಚ್ಚಿಸುವ ಸಾಕ್ಷಿ ತಂದೆಯ ಪುಸ್ತಕದಲ್ಲೇ ಇರುತ್ತದೆ ಎಂದು ನನಗೆ ಗೊತ್ತಿತ್ತು.

ಭಾನುವಾರ ಅಂಗಡಿಯ ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿದೆ. ತಂದೆ ರಿಪೇರಿಗೆ ಬಂದ ಪ್ರತಿ ಕೋವಿಗೂ ಫ್ರೇಮಿನ ನಂಬರ್, ಸಿಲಿಂಡರಿನ ನಂಬರ್, ಮಾಡಿದ ಕೆಲಸ ಎಲ್ಲ ಬರೆಯುತ್ತಿದ್ದರು. ಆ ದಶಮಿಗೆ ಒಂದು ವರ್ಷ ಹಿಂದಿನ ಪುಟ ಸಿಕ್ಕಿತು. ‘೨೭೧೬, ಸಿಲಿಂಡರ್ ೨೭೧೬. ೨೭೧೯, ಸಿಲಿಂಡರ್ ೨೭೧೯.’ ಮುತ್ತಿನಂಥ ಅಕ್ಷರ. ನೋಡಿ ಎದೆ ಉಬ್ಬಿತು. ಪುಟ ಮಗುಚುತ್ತ ಆ ವರ್ಷದ ನವರಾತ್ರಿಗೆ ಬಂದೆ. ‘ಕಾಪು, ರಿವಾಲ್ವರ್ ಎರಡು. ತೊಳೆದು ಎಣ್ಣೆ.’ ನಂಬರ್ ಇಲ್ಲ.

ಅಕ್ಷರ ತಂದೆಯದ್ದಲ್ಲ. ನನ್ನದು.

ಆದರೂ ಮನಸ್ಸು ಜಾರಿಕೊಳ್ಳಲು ಸಂದಿ ಹುಡುಕುತ್ತಿತ್ತು. ಬರೆದದ್ದು ನಾನಿರಬಹುದು, ಕೆಲಸ ಮಾಡಿದ್ದು ತಂದೆಯೇ ಇರಬಹುದಲ್ಲ? ಸತ್ತವರು ಎದ್ದು ಬಂದು ಅಲ್ಲ ಎನ್ನುವುದಿಲ್ಲ. ಇದನ್ನು ತಿಳಿಯಲು ಒಂದು ದಾರಿ ಇತ್ತು. ನಮ್ಮಲ್ಲಿ ಒಂದು ಪದ್ಧತಿ: ಕೆಲಸ ಮುಗಿಸಿದವನು ಹಿಡಿಯ ತಟ್ಟೆಯ ಅಡಿಯಲ್ಲಿ, ಬಲಗಡೆ, ತನ್ನ ಗುರುತು ಕುಟ್ಟಬೇಕು. ತಂದೆಯದು ಒಂದು ಚುಕ್ಕೆ. ನಾನು ಸ್ವತಂತ್ರವಾಗಿ ಕೆಲಸ ಹಿಡಿದ ದಿನ ಅವರು, “ನೀನು ಎರಡು ಕುಟ್ಟು. ನಿನ್ನ ತಪ್ಪು ನಿನಗೆ ಗೊತ್ತಾಗಬೇಕು, ನನ್ನ ತಲೆಗೆ ಬರಬಾರದು,” ಎಂದು ನಕ್ಕಿದ್ದರು.

೨೭೧೬ರ ಬಲಗಡೆಯ ತಟ್ಟೆಯನ್ನು ನಾನು ಇನ್ನೂ ಎಬ್ಬಿಸಿರಲಿಲ್ಲ. ಬಿಸಿ ಬಟ್ಟೆ ಸುತ್ತಿ, ಸಂದಿಗೆ ತೆಳ್ಳಗಿನ ಬ್ಲೇಡ್ ತೂರಿಸಿ ಒಂದು ಗಂಟೆ ಹಿಡಿದು ಎಬ್ಬಿಸಿದೆ. ತಟ್ಟೆ ಒಡೆಯದೆ ಬಂತು. ಅಡಿಯಲ್ಲಿ ತಂದೆಯ ಒಂದು ಚುಕ್ಕೆ, ಹಳೆಯದು. ಅದರ ಕೆಳಗೆ ಜೋಡಿಯಾಗಿ ಎರಡು ಚುಕ್ಕೆ. ಅದರ ನಂತರದ್ದು ಯಾವುದೂ ಇರಲಿಲ್ಲ.

ಆಗ ಎಲ್ಲ ನೆನಪಿಗೆ ಬಂತು. ಆ ವಾರ ತಂದೆ ಜ್ವರ ಬಂದು ಮಲಗಿದ್ದರು. ಆಯುಧಪೂಜೆಗೆ ಮೊದಲಿನ ವಾರ ಎಂದರೆ ಊರಿನ ಕೋವಿಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ, ನಾಳೆಗೇ ಬೇಕು ಎನ್ನುತ್ತಾರೆ. ನನಗೆ ಇಪ್ಪತ್ತನಾಲ್ಕು ವರ್ಷ, ಅಂಗಡಿ ನಡೆಸಬಲ್ಲೆ ಎಂಬ ಜಂಬ. ತಂದೆ ಒಂದು ಟ್ರೇಯಲ್ಲಿ ಒಂದೇ ಕೋವಿ ಬಿಚ್ಚುತ್ತಿದ್ದರು. ನಾನು ಹೊತ್ತು ಉಳಿಸಲು ಎರಡರ ತುಂಡುಗಳನ್ನೂ ಒಂದೇ ಸೀಮೆಎಣ್ಣೆಯ ಟ್ರೇಗೆ ಹಾಕಿದೆ. ನಂಬರ್ ನೋಡಲಿಲ್ಲ. ನುಗ್ಗಿತು, ಕೂಡಿಸಿದೆ. ಬೀಗಿಕೊಂಡು ಎರಡೆರಡು ಚುಕ್ಕೆ ಕುಟ್ಟಿದೆ. ತಂದೆಯಾಗಿದ್ದರೆ ಕೊಡುವ ಮೊದಲು ಐದೂ ಮನೆ ತಿರುಗಿಸಿ ನೋಡುತ್ತಿದ್ದರು. ನಾನು ಎರಡು ಮನೆ ತಿರುಗಿಸಿ ಸಾಕೆಂದಿದ್ದೆ.

ಒಬ್ಬ ಹೆಂಗಸು ಸಾಯುವವರೆಗೂ ಕಳ್ಳಿಯಾಗಿ ಬದುಕಿದ್ದು ನನ್ನ ಅವಸರದಿಂದ. ಸಾಲದೆಂಬಂತೆ, ಅವರ ಮಗಳ ಮುಖದ ಎದುರೇ ನಾನು ಮತ್ತೊಮ್ಮೆ ಕಳ್ಳಿ ಎಂದಿದ್ದೆ.

ಸತ್ಯ ಹೇಳುತ್ತೇನೆ, ಆ ಮಧ್ಯಾಹ್ನ ಮೊದಲು ಹೊಳೆದದ್ದು ತಪ್ಪೊಪ್ಪಿಕೊಳ್ಳುವ ಯೋಚನೆಯಲ್ಲ. ನಂಬರ್ ಕುಟ್ಟುವ ಅಚ್ಚುಮೊಳೆಗಳ ಪೆಟ್ಟಿಗೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಸಿಲಿಂಡರಿನ ಸವೆದ ನಂಬರನ್ನು ಉಜ್ಜಿ ೨೭೧೬ ಎಂದು ಕುಟ್ಟಿದರೆ ಮುಗಿಯಿತು. ಹತ್ತು ನಿಮಿಷದ ಕೆಲಸ. ಟೀಚರಿಗೆ ಬೇಕಾದ ಕಾಗದ ಸಿಗುತ್ತದೆ, ಅವರ ತಾಯಿಯ ಹೆಸರು ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದೇ! ಏಳನ್ನೂ ಆರನ್ನೂ ತೆಗೆದು ಮೇಜಿನ ಮೇಲೆ ನಿಲ್ಲಿಸಿಯೂ ಆಗಿತ್ತು. ಆಗ ಕಾಪುವಿನವನ ಗೆದ್ದ ಮುಖ ನೆನಪಾಯಿತು. ಈ ಸುಳ್ಳು ಕಾಗದವನ್ನು ಅವನು ನಂಬುವುದಿಲ್ಲ, ಅವನ ರಿವಾಲ್ವರಿನಲ್ಲಿ ನಿಜವಾದ ೨೭೧೬ ಇದ್ದೇ ಇರುತ್ತದೆ. ಎಂದಾದರೂ ಒಂದು ದಿನ ಅದು ಹೊರಬಂದರೆ ಟೀಚರೂ ಕಳ್ಳಿಯಾಗುತ್ತಾರೆ, ತಾಯಿಯ ಹಾಗೆ. ಮೊಳೆಗಳನ್ನು ಪೆಟ್ಟಿಗೆಗೆ ಹಾಕಿದೆ. ಬೂತಿಗೆ ಹೋಗಿ ಕಾರ್ಕಳಕ್ಕೆ ಫೋನ್ ಮಾಡಿದೆ.

“ಟೀಚರ್, ನಿಮ್ಮ ತಾಯಿ ಅಲ್ಲ. ಅದನ್ನು ಅದಲುಬದಲು ಮಾಡಿದ್ದು ನಾನು.” ಟ್ರೇ, ಸೀಮೆಎಣ್ಣೆ, ಚುಕ್ಕೆ ಎಲ್ಲ ಹೇಳಿದೆ.

“ಇದನ್ನು ಅವನಿಗೆ ಹೇಳಿದಿರಾ?” ಎಂದರು.

“ಹೇಳುತ್ತೇನೆ.”

“ಮೊದಲು ಅವನಿಗೆ ಹೇಳಿ. ಮತ್ತೆ ನನಗೆ ಹೇಳಿ.” ಫೋನ್ ಇಟ್ಟರು.

ಕಾಪುವಿನ ಜಗಲಿಗೆ ಎರಡನೆಯ ಸಲ ಹೋದಾಗ ನೀರು ಬೆಲ್ಲ ಬರಲಿಲ್ಲ. ನಾನು ಹೇಳಿದ್ದನ್ನೆಲ್ಲ ಅವನು ತುಟಿ ಬಿಗಿದು ಕೇಳಿದ.

“ನಾಟಕ ಬೇಡ. ನಿಮಗೆ ಅವಳು ಎಂತ ಹೇಳಿ ಕಳಿಸಿದ್ದಾಳೆ?”

ನನ್ನ ತಪ್ಪನ್ನು ನಾನೇ ಒಪ್ಪಿಕೊಂಡರೂ ನಂಬುವವರಿಲ್ಲ! ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಅವತ್ತು ಅವನಲ್ಲಿ ನನ್ನನ್ನೇ ನೋಡಿದೆ. “ಠಾಣೆಯಿಂದ ಬಂದ ಮೇಲೆ ನೀವೇ ತನ್ನಿ. ಬಲಗಡೆಯ ತಟ್ಟೆ ನೀವೇ ಬಿಚ್ಚಿ, ನಾನು ಮುಟ್ಟುವುದಿಲ್ಲ,” ಎಂದೆ. “ಅಡಿಯಲ್ಲಿ ಎರಡು ಚುಕ್ಕೆ ಇಲ್ಲದಿದ್ದರೆ, ಸಿಲಿಂಡರಿನ ಮೇಲೆ ೨೭೧೬ ಇಲ್ಲದಿದ್ದರೆ, ನನ್ನ ಅಂಗಡಿಯ ಪರವಾನಗಿಯನ್ನು ನಿಮ್ಮ ಎದುರೇ ಕಚೇರಿಗೆ ಹಿಂದೆ ಕೊಡುತ್ತೇನೆ.”

“ಬರುತ್ತೇನೆ ಅಂತ ಹೇಳುವುದಿಲ್ಲ,” ಎಂದ.

ಕಚೇರಿಗೆ ನಾನೇ ಹೋಗಿ ಪತ್ರಕ್ಕೆ ಇನ್ನೂ ಹದಿನೈದು ದಿನ ಕೇಳಿಕೊಂಡೆ. ವೋಟು ಎಣಿಸಿ ಆಯಿತು. ಒಂದು ವಾರ ಕಳೆಯಿತು. ಅವನು ಬರಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಬೀಗ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತಿದ್ದ. ತನ್ನದೇ ಸ್ಕ್ರೂಡ್ರೈವರ್ ತಂದಿದ್ದ. ನನ್ನದರ ಮೇಲೂ ಅನುಮಾನ! ಟೀಚರಿಗೆ ಫೋನ್ ಮಾಡಿದೆ. ಅವರು ಬರುವವರೆಗೆ ಎರಡು ಗಂಟೆ ನಾವಿಬ್ಬರೂ ಎದುರೆದುರು ಕುಳಿತೆವು.

ಟೀಚರ್ ಬಂದರು. ಅವನನ್ನು ನೋಡಲಿಲ್ಲ. ಇಪ್ಪತ್ತೊಂದು ವರ್ಷಗಳ ನಂತರ ಎರಡು ರಿವಾಲ್ವರುಗಳು ಒಂದೇ ಮೇಜಿನ ಮೇಲೆ, ಒಂದೇ ಬಟ್ಟೆಯ ಮೇಲೆ ಮಲಗಿದವು. ಅವನೇ ತಿರುಪು ಬಿಚ್ಚಿದ. ತಟ್ಟೆ ಬಂತು. ಅಂಟನ್ನು ಉಗುರಿನಿಂದ ಕೆರೆದ. ಒಂದು ಚುಕ್ಕೆ. ಅದರ ಕೆಳಗೆ ಎರಡು. ಸಿಲಿಂಡರಿನ ಮೇಲೆ ಗುಲಾಬಿ ಪೇಸ್ಟನ್ನೂ ಅವನೇ ಒತ್ತಿದ, ಅವನೇ ಎತ್ತಿದ, ಟಾರ್ಚನ್ನೂ ಅವನೇ ಹಿಡಿದ. ಎರಡು, ಏಳು, ಒಂದು ಎಂದು ಗಟ್ಟಿಯಾಗಿ ಓದಿ, ಕೊನೆಯ ಆರನ್ನು ಓದದೆ ಅಚ್ಚನ್ನು ಮೇಜಿನ ಮೇಲಿಟ್ಟ.

ಆಮೇಲೆ ನಾನು ಕೈ ಹಾಕಿದೆ. ಎರಡರ ಕಡ್ಡಿಯನ್ನೂ ಎಳೆದು ಸಿಲಿಂಡರ್ ಬದಲಿಸಿ ಕೂರಿಸಿದೆ. ಕುದುರೆ ಎಳೆದೆ. ಒಂದು, ಎರಡು, ಮೂರು, ನಾಲ್ಕು, ಐದು. ಪ್ರತಿ ಮನೆಯೂ ನಳಿಗೆಯ ನೇರಕ್ಕೆ ಬಂದು ಠಕ್ಕೆಂದು ನಿಂತಿತು.

ಪರಿಶೀಲನಾ ಪತ್ರ ಬರೆಯಲು ಕುಳಿತೆ. ದೇಶ ಬೆಲ್ಜಿಯಂ. ಫ್ರೇಮ್ ೨೭೧೬, ಸಿಲಿಂಡರ್ ೨೭೧೬. ಸ್ಥಿತಿ ಸರಿ ಇದೆ, ಬೆರಳು ಬದಲಿಸಲಾಗಿದೆ. ಅಲ್ಲಿಗೆ ಸಾಕಿತ್ತು. ಕೆಳಗೆ ಇನ್ನೂ ಒಂದು ಪ್ಯಾರಾ ಬರೆದೆ. ಇಂಥ ವರ್ಷದ ನವರಾತ್ರಿಗೆ ಮೊದಲು ಈ ಎರಡು ರಿವಾಲ್ವರುಗಳ ಸಿಲಿಂಡರುಗಳನ್ನು ಅಜಾಗ್ರತೆಯಿಂದ ಅದಲುಬದಲು ಮಾಡಿದವನು ನಾನು. ಮನೆಯವರು ಯಾರೂ ಇದಕ್ಕೆ ಕಾರಣರಲ್ಲ. ಪೂರ್ಣ ಹೆಸರು, ತಂದೆಯ ಹೆಸರು, ಸಹಿ.

ಟೀಚರ್ ಓದಿದರು. “ಇನ್ನೊಂದು ಪ್ರತಿ ಬರೆಯಿರಿ,” ಎಂದರು.

“ಕಚೇರಿಗೆ ಒಂದೇ ಸಾಕು ಟೀಚರ್.”

“ಕಚೇರಿಗಲ್ಲ.”

ಬರೆದುಕೊಟ್ಟೆ. ಅದನ್ನು ಅವರು ದೊಡ್ಡಮ್ಮನ ಮಗನ ಕಡೆಗೆ ಚಾಚಿದರು. ಆಗಲೇ ಅವನ ಮುಖ ನೋಡಿದ್ದು.

“ನೀನೇ ಓದು. ಅವತ್ತು ನಿನ್ನ ಧ್ವನಿ ಅಂಗಳದ ಕೊನೆಯವರೆಗೆ ಕೇಳಿತ್ತು. ಬರುವ ಶನಿವಾರ ಅಮ್ಮನ ವರ್ಷಾಂತಿಕ. ಬಾ. ಜನ ಇರುತ್ತಾರೆ. ಅಷ್ಟೇ ದೊಡ್ಡದಾಗಿ ಓದಬೇಕು. ಬರುತ್ತದಾ ಅಂತ ನೋಡುತ್ತೇನೆ, ಈಗ ಒಮ್ಮೆ ಓದು.”

ಅವನು ಕಾಗದ ಹಿಡಿದು ಎದ್ದು ನಿಂತ. ಮೊದಲ ಸಾಲನ್ನು ತನ್ನಷ್ಟಕ್ಕೇ ಎಂಬಂತೆ ಮೆಲ್ಲಗೆ ಓದಿದ.

“ಕೇಳಿಸುವುದಿಲ್ಲ,” ಎಂದರು ಟೀಚರ್.

ಅವನು ಮತ್ತೆ ಮೊದಲಿನಿಂದ ಓದಿದ. ಈ ಸಲ ಧ್ವನಿ ಎದ್ದಿತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಅಂಗಡಿಯ ಕಡೆ ತಿರುಗಿ ನಿಂತರು. ನನ್ನ ಹೆಸರು ಬಂತು, ನನ್ನ ತಂದೆಯ ಹೆಸರು ಬಂತು. ಕುಳಿತು ಕೇಳುವುದು ಸರಿಯೆನಿಸದೆ ನಾನೂ ಎದ್ದು ನಿಂತೆ.